ಪುಟ್ಟ ಮಕ್ಕಳ ಜೊತೆ ನಾಲ್ಕೈದು ದಿನದ ಥೀಮ್ ಪಾರ್ಕ್ ಟ್ರಿಪ್: ರೈಡ್ ಲಿಸ್ಟ್ ಪಕ್ಕಕ್ಕಿಡಿ, ಮಕ್ಕಳ ನಿದ್ದೆ ಟೈಮ್ ಮೊದಲು ಬರ್ಕೊಳ್ಳಿ

ಥೀಮ್ ಪಾರ್ಕ್‌ಗೆ ಹೋಗೋದು ಅಂತ ಮನೇಲಿ ಮಾತು ಬಂದ ತಕ್ಷಣ ಎಲ್ಲರೂ ಮೊದಲು ಕೂತು ಮಾಡೋದು ರೈಡ್‌ಗಳ ಲಿಸ್ಟು. ನಾನೂ ಮೊದಲ ಸಲ ಹಾಗೇ ಮಾಡಿದ್ದೆ, ಮಗಳಿಗೆ ಆರು ವರ್ಷ ಮಗನಿಗೆ ಮೂರು, ನಾಲ್ಕು ದಿನದ ಟಿಕೆಟ್ ತಗೊಂಡು ನಾಲ್ಕೂ ದಿನ ಬೆಳಗ್ಗೆಯಿಂದ ರಾತ್ರಿ ತನಕ ಗಂಟೆ ಗಂಟೆಗೂ ಏನು ಮಾಡ್ಬೇಕು ಅಂತ ಬರೆದಿಟ್ಕೊಂಡಿದ್ದೆ. ಎರಡು ದಿನ ಹೇಗೋ ನಡೀತು. ಮೂರನೇ ದಿನ ಬೆಳಗ್ಗೆ ಮಗ ಗೇಟ್ ಹತ್ರಾನೇ ನೆಲದ ಮೇಲೆ ಕೂತು ರಚ್ಚೆ ಹಿಡಿದ, ಏನು ಮಾಡಿದ್ರೂ ಏಳ್ತಿಲ್ಲ, ಹಠ ಮಾಡ್ತಿದಾನೆ ಅಂದ್ಕೊಂಡು ಸ್ವಲ್ಪ ಗದರಿದೆ ಕೂಡ, ಆಮೇಲೆ ಶೂ ಬಿಚ್ಚಿ ನೋಡಿದ್ರೆ ಎರಡೂ ಹಿಮ್ಮಡೀಲಿ ಬೊಬ್ಬೆ. ಆ ಮಗು ಎರಡು ದಿನದಿಂದ ಮಧ್ಯಾಹ್ನ ನಿದ್ದೆ ಮಾಡಿರ್ಲಿಲ್ಲ, ಕಾಲು ಸೋತಿತ್ತು, ಅದನ್ನ ಹೇಳೋಕೆ ಅವನಿಗೆ ಮಾತು ಬರ್ತಿರ್ಲಿಲ್ಲ ಅಷ್ಟೇ. ಅವತ್ತು ವಾಪಸ್ ರೂಮಿಗೆ ಹೋಗಿ ಮೂವರೂ ಸಂಜೆ ತನಕ ಮಲಗಿದ್ವಿ. ಅವತ್ತಿಂದ ನಾನು ಪ್ಲಾನ್ ಮಾಡೋ ರೀತೀನೇ ಬದಲಾಯ್ತು, ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಒಂದು ಹಾಳೆ ತಗೊಂಡು ನಿಮ್ಮ ಮಗು ಮಾಮೂಲಿ ದಿನ ಎಷ್ಟೊತ್ತಿಗೆ ಏಳತ್ತೆ, ಎಷ್ಟೊತ್ತಿಗೆ ಹಸಿವು ಅನ್ನತ್ತೆ, ಎಷ್ಟೊತ್ತಿಗೆ ಕಣ್ಣು ಉಜ್ಜೋಕೆ ಶುರು ಮಾಡತ್ತೆ ಅಂತ ಬರ್ಕೊಳ್ಳಿ. ಇದು ಅಳತೆಪಟ್ಟಿ, ಪಾರ್ಕಿನ ಪ್ಲಾನ್ ಇದರೊಳಗೆ ಹಿಡಿಸ್ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆ ಅಂದ್ರೆ ಮಗುವಿನ ತ್ರಾಣ. ಆಮೇಲೆ ದಿನಗಳ ಲೆಕ್ಕ. ಊರಿಂದ ಬಂದಿಳಿದ ದಿನ ಪಾರ್ಕ್ ಬೇಡವೇ ಬೇಡ, ಅರ್ಧ ದಿನಕ್ಕೆ ಪೂರ್ತಿ ಟಿಕೆಟ್ ಖರ್ಚಾಗತ್ತೆ, ಮಕ್ಕಳು ಪ್ರಯಾಣದಲ್ಲೇ ಸುಸ್ತಾಗಿರ್ತಾರೆ, ಇನ್ನು ಟೈಮ್ ಝೋನ್ ಬದಲಾಗೋ ಅಷ್ಟು ದೂರ ಹೋಗಿದ್ರೆ ಮಧ್ಯರಾತ್ರಿ ಎದ್ದು ಕೂರ್ತಾರೆ. ಅದಾದ್ಮೇಲೆ ಎರಡು ದಿನ ಪಾರ್ಕ್, ಒಂದು ದಿನ ರೆಸ್ಟ್, ಮತ್ತೆ ಎರಡು ದಿನ ಪಾರ್ಕ್, ಈ ಕ್ರಮ ನಮಗೆ ಸರಿ ಹೋಗಿದೆ. ರೆಸ್ಟ್ ಡೇ ಅಂದ್ರೆ ಅಲಾರಂ ಇಲ್ಲ, ಹೋಟೆಲಿನ ಈಜುಕೊಳ, ಮಧ್ಯಾಹ್ನ ನಿದ್ದೆ, ಬಟ್ಟೆ ಒಗೆಯೋದು. ಅಷ್ಟು ದೂರ ಬಂದು ಒಂದು ದಿನ ಸುಮ್ನೆ ಕಳೀಬೇಕಾ ಅಂತ ಮನಸ್ಸು ಹಿಂಜರಿಯತ್ತೆ ನಿಜ, ಆದ್ರೆ ದಯವಿಟ್ಟು ಅದನ್ನ ತೆಗೀಬೇಡಿ, ಆ ಒಂದು ದಿನಾನೇ ಮುಂದಿನ ಎರಡು ದಿನಾನ ಉಳಿಸೋದು.

ಯಾವ ಪಾರ್ಕಿಗೆ ಎಷ್ಟು ದಿನ ಅನ್ನೋದು ಮಕ್ಕಳ ವಯಸ್ಸಿನ ಮೇಲೆ ಹೋಗತ್ತೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ತಗೊಳ್ಳಿ, ಅಲ್ಲಿ ನಾಲ್ಕು ಥೀಮ್ ಪಾರ್ಕ್ ಇದೆ: 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್, ಆಮೇಲೆ ಬಂದ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ನಾಲ್ಕಕ್ಕೂ ಒಂದೊಂದು ದಿನ ಅಂತ ಹಂಚಿಬಿಡೋದು ಸುಲಭ, ಆದ್ರೆ ಐದು ವರ್ಷದ ಒಳಗಿನ ಮಕ್ಕಳಿಗೆ ಎತ್ತರದ ನಿಯಮ ಇಲ್ಲದ ರೈಡ್ ಜಾಸ್ತಿ ಇರೋದು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ, ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಅಂಥವು ಕಮ್ಮಿ. ಹಾಗಾಗಿ ನಾನಾದ್ರೆ ಮ್ಯಾಜಿಕ್ ಕಿಂಗ್‌ಡಮ್‌ಗೆ ಎರಡು ದಿನ ಕೊಟ್ಟು ಒಂದು ಪಾರ್ಕ್ ಪೂರ್ತಿ ಬಿಟ್ಟುಬಿಡ್ತೀನಿ. ಒಂದೇ ದಿನ ಒಂದು ಪಾರ್ಕಿಂದ ಇನ್ನೊಂದಕ್ಕೆ ಹೋಗೋ ಪಾರ್ಕ್ ಹಾಪರ್ ಟಿಕೆಟ್ ಪುಟ್ಟ ಮಕ್ಕಳಿರೋರಿಗೆ ಬೇಕಾಗಲ್ಲ, ಆ ಓಡಾಟದಲ್ಲೇ ಅವರ ಶಕ್ತಿ ಮುಗಿದು ಹೋಗತ್ತೆ. ಎಪ್ಕಾಟ್‌ನಲ್ಲಿ ವರ್ಲ್ಡ್ ಶೋಕೇಸ್ ಅನ್ನೋ ಭಾಗ ಒಂದು ಸುತ್ತು ಬಂದ್ರೇನೇ ಹತ್ತಿರ ಹತ್ತಿರ 2 ಕಿಲೋಮೀಟರ್, ಇನ್ನು ಉಳಿದಿದ್ದೆಲ್ಲ ಸೇರಿಸಿ ಲೆಕ್ಕ ಹಾಕಿ.

ಟಿಕೆಟ್ ತಗೊಳ್ಳೋ ಮುಂಚೆ ವಯಸ್ಸಿನ ನಿಯಮ ಓದಿ, ಇದು ಒಂದೊಂದು ಕಡೆ ಒಂದೊಂದು ಥರ. ಡಿಸ್ನಿ ವರ್ಲ್ಡ್‌ನಲ್ಲಿ 3 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ, 3ರಿಂದ 9 ಮಕ್ಕಳ ಟಿಕೆಟ್, 10 ಆದ್ರೆ ದೊಡ್ಡವರ ಲೆಕ್ಕ. ಟೋಕಿಯೋ ಡಿಸ್ನಿಲ್ಯಾಂಡ್‌ನಲ್ಲಿ 3 ವರ್ಷದ ಮಗುವಿಗೂ ಫ್ರೀ, ಟಿಕೆಟ್ ಶುರು ಆಗೋದೇ 4ರಿಂದ. ಮಗುವಿನ ಹುಟ್ಟುಹಬ್ಬ ಹತ್ತಿರದಲ್ಲಿದ್ರೆ ಟ್ರಿಪ್ ಒಂದೆರಡು ವಾರ ಹಿಂದೆ ಮುಂದೆ ಮಾಡಿದ್ರೆ ಒಂದು ಟಿಕೆಟ್ಟೇ ಉಳೀಬಹುದು.

ಎತ್ತರದ ವಿಷಯ ಮಾತ್ರ ಮನೇಲೇ ಮುಗಿಸ್ಕೊಂಡು ಹೋಗಿ. ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ಮುಂದೆ ಹೋದ್ಮೇಲೆ ಅಳತೆ ಕೋಲಿನ ಹತ್ರ ಆಗಲ್ಲ ಅಂದ್ರೆ ಆ ಮಗುವಿನ ಮುಖ ನೋಡೋಕಾಗಲ್ಲ. ಹೊರಡೋ ವಾರ ಗೋಡೆಗೆ ನಿಲ್ಲಿಸಿ ಅಳೆದು ಬರ್ಕೊಳ್ಳಿ. ಮ್ಯಾಜಿಕ್ ಕಿಂಗ್‌ಡಮ್‌ನ ಬಾರ್ನ್‌ಸ್ಟಾರ್ಮರ್ ಅನ್ನೋ ಚಿಕ್ಕ ರೋಲರ್ ಕೋಸ್ಟರ್‌ಗೆ 89 ಸೆಂಟಿಮೀಟರ್ ಇದ್ರೆ ಸಾಕು, ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97, ಸ್ಪೇಸ್ ಮೌಂಟನ್‌ಗೆ 112. ಅದೇ ಸ್ಪೇಸ್ ಮೌಂಟನ್ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 102, ಹೆಸರು ಒಂದೇ ಆದ್ರೂ ನಿಯಮ ಬೇರೆ, ಅದಕ್ಕೆ ನೀವು ಹೋಗೋ ಪಾರ್ಕಿನ ಆ್ಯಪ್‌ನಲ್ಲೇ ನೋಡ್ಬೇಕು, ಬೇರೆಯವರು ಹೇಳಿದ್ದನ್ನ ನಂಬ್ಕೊಂಡು ಹೋಗ್ಬೇಡಿ. ಅಳತೆ ಒಂದು ಬೆರಳು ಕಮ್ಮಿ ಬಂದ್ರೆ ದಪ್ಪ ಶೂ ಹಾಕಿಸಿ ದಾಟಿಸೋ ಯೋಚನೆ ಬಿಡಿ, ಮೈ ಜಾರದಂತೆ ಹಿಡಿಯೋ ಸೀಟಿನ ಕಂಬಿ ಆ ಎತ್ತರದ ಮೈಕಟ್ಟಿಗೆ ಕೂತ್ಕೊಳ್ಳೋ ಹಾಗೆ ಲೆಕ್ಕ ಹಾಕಿರ್ತಾರೆ. ಮಗುವಿಗೆ ಮನೇಲೇ ಹೇಳಿ, ಇವು ನಿನ್ನ ರೈಡ್, ಅವು ಮುಂದಿನ ಸಲಕ್ಕೆ ಅಂತ. ಮೊದಲೇ ಗೊತ್ತಿದ್ರೆ ಅಲ್ಲಿ ಅಳು ಅರ್ಧಕ್ಕರ್ಧ ಕಮ್ಮಿ.

ಹಾಗಂತ ದೊಡ್ಡವರು ದೊಡ್ಡ ರೈಡ್ ಬಿಡ್ಬೇಕಾಗಿಲ್ಲ. ರೈಡರ್ ಸ್ವಿಚ್ ಅಂತ ಒಂದು ವ್ಯವಸ್ಥೆ ಇದೆ ಡಿಸ್ನಿಯಲ್ಲಿ, ಯೂನಿವರ್ಸಲ್ ಅನ್ನೋ ಇನ್ನೊಂದು ಕಂಪನಿಯ ಪಾರ್ಕ್‌ಗಳಲ್ಲಿ ಚೈಲ್ಡ್ ಸ್ವಾಪ್ ಅಥವಾ ಚೈಲ್ಡ್ ಸ್ವಿಚ್ ಅಂತಾರೆ. ಒಬ್ಬರು ಮಗು ನೋಡ್ಕೊಂಡಿರ್ತಾರೆ, ಇನ್ನೊಬ್ಬರು ರೈಡ್ ಮುಗಿಸಿ ಬಂದ್ಮೇಲೆ ಇವರು ಮತ್ತೆ ಇಡೀ ಕ್ಯೂ ನಿಲ್ಲದೇ ಹೋಗಬಹುದು. ಇದನ್ನ ಅವರಾಗೇ ಬಂದು ಹೇಳ್ತಾರೆ ಅಂತ ಕಾಯ್ಬೇಡಿ, ಕ್ಯೂ ಬಾಗಿಲಲ್ಲಿರೋ ಸಿಬ್ಬಂದಿ ಹತ್ರ ಹೋಗಿ ಇಡೀ ಕುಟುಂಬ ಒಟ್ಟಿಗೆ ನಿಂತು ಕೇಳಿ. ದೊಡ್ಡ ಮಗು ಇದ್ರೆ ಎಷ್ಟೋ ಕಡೆ ಅದಕ್ಕೆ ಇಬ್ಬರ ಜೊತೆಗೂ ಎರಡು ಸಲ ಹೋಗೋ ಅವಕಾಶ ಸಿಗತ್ತೆ, ನಮ್ಮ ಮಗಳಿಗೆ ಅದೇ ದೊಡ್ಡ ಹಬ್ಬ.

ಇನ್ನು ದಿನದ ಕ್ರಮ. ಬೆಳಗ್ಗೆ ಬೇಗ ಹೋಗೋದು, ಗೇಟ್ ತೆಗೆಯೋ ಮುಂಚೆ ಅಲ್ಲಿ ನಿಂತಿರೋದು, ಇದಕ್ಕೆ ರೋಪ್ ಡ್ರಾಪ್ ಅಂತಾರೆ. ಪುಟ್ಟ ಮಕ್ಕಳು ಹೇಗೂ ಬೇಗ ಏಳ್ತಾರಲ್ಲ, ಅದನ್ನೇ ಉಪಯೋಗಿಸ್ಕೊಳ್ಳಿ, ಮೊದಲ ಎರಡು ಗಂಟೇಲಿ ಆಗೋಷ್ಟು ರೈಡ್ ಮಧ್ಯಾಹ್ನದ ಹೊತ್ತು ನಾಲ್ಕು ತಾಸು ಕಳೆದ್ರೂ ಆಗಲ್ಲ. ಡಿಸ್ನಿ ವರ್ಲ್ಡ್‌ನ ಸ್ವಂತ ಹೋಟೆಲ್‌ಗಳಲ್ಲಿ ಇಳ್ಕೊಂಡವರನ್ನ ಅರ್ಧ ಗಂಟೆ ಮುಂಚೆ ಒಳಗೆ ಬಿಡ್ತಾರೆ, ಆ ಅರ್ಧ ಗಂಟೆ ಪೀಟರ್ ಪ್ಯಾನ್ಸ್ ಫ್ಲೈಟ್ ಥರ ಯಾವಾಗ್ಲೂ ಉದ್ದ ಕ್ಯೂ ಇರೋ ರೈಡ್‌ಗೆ ಖರ್ಚು ಮಾಡಿ. ಆದ್ರೆ ಗೇಟಿಗೆ ತಲುಪೋ ಸಮಯ ಕಮ್ಮಿ ಲೆಕ್ಕ ಹಾಕ್ಬೇಡಿ, ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಹೋದ್ರೆ ಪಾರ್ಕಿಂಗ್‌ನಿಂದ ಮೋನೋರೈಲ್ ಇಲ್ಲಾ ದೋಣಿ ಹಿಡಿದು ಕೆರೆ ಆಚೆ ಹೋಗ್ಬೇಕು, ಸ್ಟ್ರಾಲರ್ (ಮಗು ಕೂರಿಸಿ ತಳ್ಳೋ ಗಾಡಿ) ಜೊತೆ ಅದು ನಿಧಾನ.

ದುಡ್ಡು ಕೊಟ್ಟು ಕ್ಯೂ ತಪ್ಪಿಸೋ ಪಾಸ್ ಬಗ್ಗೆ ಎಲ್ಲರೂ ಕೇಳ್ತಾರೆ. ಡಿಸ್ನಿ ವರ್ಲ್ಡ್‌ನಲ್ಲಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತ 2024ರಿಂದ ಇದೆ, ಅವರ ಹೋಟೆಲ್‌ನಲ್ಲಿರೋರು 7 ದಿನ ಮುಂಚೆ, ಬೇರೆಯವರು 3 ದಿನ ಮುಂಚೆ ಟೈಮ್ ಬುಕ್ ಮಾಡ್ಕೋಬಹುದು. ನನ್ನ ಅಭಿಪ್ರಾಯ ಏನಂದ್ರೆ ತುಂಬಾ ಜನ ಇರೋ ರಜೆ ದಿನದಲ್ಲಿ ಒಂದು ದಿನಕ್ಕೆ ತಗೊಳ್ಳಿ, ಎಲ್ಲಾ ದಿನಕ್ಕೂ ಬೇಡ. ತಗೊಂಡ ಮೇಲೆ ಬುಕ್ ಮಾಡಿದ ಟೈಮಿಗೆ ಓಡ್ಬೇಕಾಗತ್ತೆ, ಮಗು ಬಾತುಕೋಳಿ ನೋಡ್ತಾ ನಿಂತಿದ್ರೆ ಎಳ್ಕೊಂಡು ಹೋಗೋ ಪರಿಸ್ಥಿತಿ ಬರತ್ತೆ. ಸೌಲಭ್ಯ ಇರೋದು ನಿಮಗೋಸ್ಕರ, ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು.

ಮಧ್ಯಾಹ್ನ ಊಟ ಆದ ಮೇಲೆ ರೂಮಿಗೆ ವಾಪಸ್. ಇದು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳೋ ಮಾತು. ಆ ಹೊತ್ತಲ್ಲಿ ಬಿಸಿಲೂ ಜಾಸ್ತಿ ಕ್ಯೂನೂ ಜಾಸ್ತಿ, ಮಕ್ಕಳ ತಾಳ್ಮೆ ಎಲ್ಲಕ್ಕಿಂತ ಕಮ್ಮಿ. ಎರಡು ಮೂರು ಗಂಟೆ ಮಲಗಿಸಿ ಸಂಜೆ ಮತ್ತೆ ಬನ್ನಿ, ಸಾಮಾನ್ಯವಾಗಿ ಅದೇ ಟಿಕೆಟ್‌ನಲ್ಲಿ ಅದೇ ದಿನ ಅದೇ ಪಾರ್ಕಿಗೆ ಮತ್ತೆ ಒಳಗೆ ಬಿಡ್ತಾರೆ, ಆದ್ರೆ ಹೊರಗೆ ಹೋಗೋ ಮುಂಚೆ ಗೇಟಲ್ಲಿ ಕೇಳ್ಕೊಳ್ಳಿ. ಇದಕ್ಕೇ ಹೋಟೆಲ್ ಹತ್ತಿರ ಇರ್ಬೇಕು ಅನ್ನೋದು. ದೂರದ ಅಗ್ಗದ ಹೋಟೆಲ್‌ನಿಂದ ಉಳಿಯೋ ದುಡ್ಡು ದಿನಾ ಎರಡು ಸಲದ ಓಡಾಟದಲ್ಲಿ ಹೋಗತ್ತೆ, ಇಲ್ಲಾ ದೂರ ಅಂತ ನೀವು ಹೋಗೋದೇ ಬಿಡ್ತೀರ, ಮಗು ಪಾರ್ಕಲ್ಲೇ ಅಳ್ತಾ ಇರತ್ತೆ. ರೂಮಿಗೆ ಹೋಗೋಕೆ ಆಗ್ದೇ ಇದ್ರೆ ತಂಪಾಗಿರೋ, ಕತ್ತಲೆ ಇರೋ, ಉದ್ದದ ಶೋ ಒಂದನ್ನ ನಿದ್ದೆ ಟೈಮಿಗೆ ಇಟ್ಕೊಳ್ಳಿ. ಡಿಸ್ನಿ ಪಾರ್ಕ್‌ಗಳಲ್ಲಿ ಬೇಬಿ ಕೇರ್ ಸೆಂಟರ್ ಇದೆ, ಹಾಲು ಕುಡಿಸೋಕೆ ಡೈಪರ್ ಬದಲಾಯ್ಸೋಕೆ ಬೇರೆ ಕೋಣೆ, ಗದ್ದಲ ಇಲ್ಲ, ಮೊದಲ ದಿನವೇ ಮ್ಯಾಪ್‌ನಲ್ಲಿ ಎಲ್ಲಿದೆ ಅಂತ ಗುರುತು ಹಾಕಿ.

ಸ್ಟ್ರಾಲರ್ ಬೇಕಾ ಅಂದ್ರೆ ಬೇಕು, ಮನೇಲಿ ಸ್ಟ್ರಾಲರ್ ಬಿಟ್ಟು ವರ್ಷ ಆಗಿರೋ ಐದು ವರ್ಷದ ಮಗುವಿಗೂ ಬೇಕು. ಎತ್ಕೊಂಡು ನಡೆದ್ರೆ ಸಂಜೆ ಹೊತ್ತಿಗೆ ನಿಮ್ಮ ಸೊಂಟ ಹೋಗಿರತ್ತೆ. ಮನೆಯಿಂದ ತಗೊಂಡು ಹೋಗೋದಾದ್ರೆ ಅಳತೆ ನೋಡಿ, ಡಿಸ್ನಿ ವರ್ಲ್ಡ್‌ನಲ್ಲಿ ಅಗಲ 79 ಸೆಂಟಿಮೀಟರ್ ಉದ್ದ 132 ಸೆಂಟಿಮೀಟರ್ ಮೀರೋ ಹಾಗಿಲ್ಲ, ಎಳೆಯೋ ವ್ಯಾಗನ್‌ಗಳನ್ನ ಬಿಡಲ್ಲ. ಸ್ಟ್ರಾಲರ್‌ಗೆ ಎದ್ದು ಕಾಣೋ ಬಣ್ಣದ ಬಟ್ಟೆ ಕಟ್ಟಿ, ರೈಡ್ ಹೊರಗೆ ನೂರಾರು ಒಂದೇ ಥರದ್ದು ನಿಂತಿರತ್ತೆ, ಸಿಬ್ಬಂದಿ ಬೇರೆ ಜಾಗಕ್ಕೆ ಸರಿಸಿಟ್ಟಿರ್ತಾರೆ. ಬೆಲೆಬಾಳೋದು ಅದರಲ್ಲಿ ಬಿಡಬೇಡಿ.

ಶೂ ಬಗ್ಗೆ ನನ್ನ ಮಗನ ಹಿಮ್ಮಡಿ ನೆನಪಿಸ್ಕೊಂಡು ಹೇಳ್ತಿದೀನಿ, ಟ್ರಿಪ್‌ಗೆ ಅಂತ ಹೊಸಾ ಶೂ ತಂದು ಅಲ್ಲೇ ಮೊದಲ ಸಲ ಹಾಕಿಸ್ಬೇಡಿ, ಎರಡು ಮೂರು ವಾರ ಮನೇಲಿ ಹಾಕ್ಕೊಂಡು ಓಡಾಡ್ಲಿ. ಬ್ಯಾಗಲ್ಲಿ ಒಂದು ಜೊತೆ ಒಣ ಸಾಕ್ಸ್, ಒಂದು ಜೊತೆ ಬಟ್ಟೆ, ಬ್ಯಾಂಡೇಜ್, ಟೋಪಿ, ಸನ್‌ಸ್ಕ್ರೀನ್, ಮಳೆ ಕೋಟು, ನೀರಿನ ಬಾಟಲ್, ಮಗುವಿಗೆ ರೂಢಿ ಇರೋ ತಿಂಡಿ, ಇಷ್ಟು ಸಾಕು. ತಿಂಡಿ ಒಳಗೆ ತಗೊಂಡು ಹೋಗೋ ನಿಯಮ ನೋಡಿಕೊಳ್ಳಿ, ಡಿಸ್ನಿ ವರ್ಲ್ಡ್‌ನಲ್ಲಿ ಬಿಡ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ ಅಂತಾರೆ, ಟೋಕಿಯೋದಲ್ಲಿ ಬುತ್ತಿ ಒಳಗೆ ಬಿಡಲ್ಲ. ಬಾಯಾರಿಕೆ ಅಂತ ಕೇಳೋ ತನಕ ಕಾಯದೇ ಆಗಾಗ ನೀರು ಕುಡಿಸ್ತಾ ಇರಿ, ಆಟದ ಗುಂಗಲ್ಲಿ ಮಕ್ಕಳಿಗೆ ಬಾಯಾರಿಕೆ ಗೊತ್ತಾಗಲ್ಲ. ಫ್ಲೋರಿಡಾಗೆ ಬೇಸಿಗೇಲಿ ಹೋದ್ರೆ ಮಧ್ಯಾಹ್ನದ ಗುಡುಗು ಮಳೆ ಮಾಮೂಲಿ, ಮಿಂಚು ಹತ್ತಿರ ಇದ್ರೆ ಹೊರಗಿನ ರೈಡ್ ನಿಲ್ಲಿಸ್ತಾರೆ, ಅದಕ್ಕೂ ಬೆಳಗ್ಗೆನೇ ಹೊರಗಿನದ್ದು ಮುಗಿಸಿ.

ಭಯದ ವಿಷಯ ಯಾರೂ ಅಷ್ಟಾಗಿ ಹೇಳಲ್ಲ. ಎತ್ತರದ ನಿಯಮ ಇಲ್ಲ ಅಂದ್ರೆ ಭಯ ಆಗಲ್ಲ ಅಂತ ಅರ್ಥ ಅಲ್ಲ, ಮ್ಯಾಜಿಕ್ ಕಿಂಗ್‌ಡಮ್‌ನ ಹಾಂಟೆಡ್ ಮ್ಯಾನ್ಶನ್, ಪೈರೇಟ್ಸ್ ಆಫ್ ದಿ ಕೆರಿಬಿಯನ್ ಅನ್ನೋ ರೈಡ್‌ಗಳಿಗೆ ಎತ್ತರದ ನಿಯಮ ಇಲ್ಲ, ಆದ್ರೆ ಕತ್ತಲೆ, ದೊಡ್ಡ ಸದ್ದು ಎಲ್ಲಾ ಇದೆ. ಮೊದಲ ರೈಡೇ ಕತ್ತಲಿದ್ದು ಮಗು ಹೆದರಿದ್ರೆ ಅವತ್ತೆಲ್ಲ ಯಾವುದಕ್ಕೂ ಹತ್ತಲ್ಲ, ಹಾಗಾಗಿ ಬೆಳಕಲ್ಲಿ ಸುತ್ತೋ ನಿಧಾನದ ರೈಡಿಂದ ಶುರು ಮಾಡಿ. ವಿಡಿಯೋ ಮನೇಲೇ ತೋರ್ಸಿ. ದೊಡ್ಡ ತಲೆಯ ವೇಷದ ಪಾತ್ರಗಳನ್ನ ಟಿವಿಲಿ ಪ್ರೀತಿಸೋ ಮಗು ಎದುರಿಗೆ ಬಂದಾಗ ಅಮ್ಮನ ಸೆರಗಿಗೆ ಅಂಟ್ಕೊಳ್ಳತ್ತೆ, ಫೋಟೋಗೋಸ್ಕರ ತಳ್ಳಬೇಡಿ, ದೂರದಿಂದ ಕೈ ಬೀಸಿದ್ರೆ ಸಾಕು. ರಾತ್ರಿ ಪಟಾಕಿ ಶೋಗೆ ಕಿವಿ ಮುಚ್ಚೋ ಇಯರ್ ಮಫ್ ತಗೊಂಡು ಹೋಗಿ, ಹಿಂದೆ ದೂರದಲ್ಲಿ ನಿಂತ್ರೆ ಸದ್ದೂ ಕಮ್ಮಿ, ಹೊರಗೆ ಹೋಗೋದೂ ಸುಲಭ.

ಮಗು ಕಳೆದು ಹೋದ್ರೆ ಅನ್ನೋದನ್ನ ಮೊದಲೇ ಯೋಚಿಸಿ ಇಡ್ಬೇಕು. ದಿನಾ ಬೆಳಗ್ಗೆ ಗೇಟಲ್ಲಿ ಅವತ್ತಿನ ಬಟ್ಟೇಲಿ ಒಂದು ಫೋಟೋ ತೆಗೀರಿ, ಆ ಗಾಬರೀಲಿ ಯಾವ ಬಣ್ಣದ ಅಂಗಿ ಅಂತ ನೆನಪಾಗಲ್ಲ. ನಿಮ್ಮ ಫೋನ್ ನಂಬರ್ ಮಗುವಿನ ಕೈಗೆ ಪಟ್ಟಿ ಕಟ್ಟಿ ಇಲ್ಲಾ ಅಂಗಿ ಒಳಗೆ ಬರೆದಿಡಿ. ಸಿಬ್ಬಂದಿಯ ಹೆಸರಿನ ಬ್ಯಾಡ್ಜ್ ತೋರಿಸಿ ಇಂಥದ್ದು ಹಾಕ್ಕೊಂಡವರ ಹತ್ರ ಹೋಗು, ನಮ್ಮನ್ನ ಹುಡುಕ್ಕೊಂಡು ಓಡ್ಬೇಡ ಅಂತ ದಿನಾ ಹೇಳಿಕೊಡಿ. ನಿಮಗೆ ಕಾಣಲಿಲ್ಲ ಅಂದ ತಕ್ಷಣ ನೀವೂ ಹತ್ತಿರದ ಸಿಬ್ಬಂದಿಗೆ ಹೇಳಿ, ನಾವೇ ಹುಡುಕ್ತೀವಿ ಅಂತ ಹತ್ತು ನಿಮಿಷ ಕಳೀಬೇಡಿ.

ಆಟಿಕೆ ಅಂಗಡಿಗಳು ಎಷ್ಟೋ ರೈಡ್‌ಗಳ ಬಾಗಿಲಲ್ಲೇ ಇರತ್ತೆ. ನಾವು ಇಡೀ ಟ್ರಿಪ್‌ಗೆ ಒಬ್ಬೊಬ್ಬರಿಗೆ ಒಂದೇ ಸಾಮಾನು, ಕೊನೇ ದಿನ ತಗೊಳ್ಳೋದು ಅಂತ ಮೊದಲೇ ಹೇಳಿದ್ವಿ, ಕಂಡಿದ್ದೆಲ್ಲ ಫೋಟೋ ತೆಗೆದು ಇಟ್ಕೊಂಡು ಕೊನೇಲಿ ಅದ್ರಲ್ಲಿ ಒಂದು ಆರಿಸ್ಕೊಂಡ್ರು.

ಕೊನೇ ದಿನಕ್ಕೆ ಮಾತ್ರ ಏನೂ ಬುಕ್ ಮಾಡಬೇಡಿ, ಬೆಳಗ್ಗೆ ಮಕ್ಕಳನ್ನೇ ಕೇಳಿ ಏನು ಮತ್ತೆ ಮಾಡ್ಬೇಕು ಅಂತ. ಎರಡನೇ ಟ್ರಿಪ್‌ನಲ್ಲಿ ನಾನು ಅಂದ್ಕೊಂಡಿದ್ದು ಮಗಳು ದೊಡ್ಡ ಕೋಸ್ಟರ್ ಅಂತಾಳೆ ಅಂತ. ಇಬ್ಬರೂ ಒಟ್ಟಿಗೆ ಕೇಳಿದ್ದು ಮೊದಲ ದಿನ ಹತ್ತಿದ ಹಾರೋ ಆನೆ ರೈಡು, ಕ್ಯೂ ಚಿಕ್ಕದಿತ್ತು, ಐದು ಸಲ ಹತ್ತಿಸಿದ್ವಿ, ಆರನೇ ಸಲ ಮಗ ಸಾಕು ಅಂತ ತಾನೇ ಸ್ಟ್ರಾಲರ್‌ನಲ್ಲಿ ಹೋಗಿ ಕೂತ್ಕೊಂಡ.