ಎಂಜಿನ್ ಆಯಿಲ್ ಜಾಸ್ತಿ ಬಿತ್ತಾ? ಸಿರಿಂಜ್ ಹಿಡಿಯಿರಿ, ಬೋಲ್ಟ್ ಮುಟ್ಟಬೇಡಿ

ಮನೆಯಲ್ಲೇ ಬೈಕು, ಕಾರಿನ ಆಯಿಲ್ ಬದಲಿಸುವವರು ಬಹಳಷ್ಟು ಮಂದಿ ಎಡವುವುದು ಒಂದೇ ಕಡೆ. ತಂದ ಬಾಟಲಿಯನ್ನು ಪೂರ್ತಿ ಸುರಿದುಬಿಡುತ್ತಾರೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 900 ಮಿಲಿ, 1 ಲೀಟರ್ ಬಾಟಲಿ. 110 ಸಿಸಿ ಸ್ಕೂಟರಿಗೆ ಬೇಕಾಗುವುದು 700 ಮಿಲಿ ಆಸುಪಾಸು. ಜೊತೆಗೆ ಹಳೇ ಆಯಿಲ್ ಒಳಗೆ ಒಂದಿಷ್ಟು ಉಳಿದೇ ಇರುತ್ತದೆ.

‘ಓಡಿಸ್ತಾ ಓಡಿಸ್ತಾ ಸುಟ್ಟು ಕಡಿಮೆಯಾಗುತ್ತೆ ಬಿಡಿ’ ಎನ್ನುವವರ ಮಾತು ಕೇಳಬೇಡಿ. ಮಟ್ಟ ತೀರಾ ಮೇಲಿದ್ದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವುದು ಗಾಳಿ. ಅದು ಪಂಪಿಗೆ ಹೋದರೆ ಪ್ರೆಶರ್ ಬೀಳುತ್ತದೆ, ಬೇರಿಂಗಿಗೆ ಸರಿಯಾಗಿ ಆಯಿಲ್ ಮುಟ್ಟುವುದಿಲ್ಲ. ಉಳಿದದ್ದು ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ನುಗ್ಗುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಬಿಎಸ್6 ಗಾಡಿಯಾದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗಬಹುದು.

ಮೊದಲು, ನಿಜವಾಗಿಯೂ ಜಾಸ್ತಿ ಆಗಿದೆಯಾ ನೋಡಿ. ಎಷ್ಟೋ ಸಲ ತಪ್ಪಿರುವುದು ಅಳತೆಯಲ್ಲೇ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಬೈಕಾದರೆ ಸೆಂಟರ್ ಸ್ಟ್ಯಾಂಡ್, ಸೈಡ್ ಸ್ಟ್ಯಾಂಡ್ ಬೇಡವೇ ಬೇಡ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ. ಹೊಸ ಆಯಿಲ್ ಫಿಲ್ಟರ್ ಹಾಕಿದ್ದರೆ ಅದು ತುಂಬಿಕೊಳ್ಳುವುದಕ್ಕೂ ಆಯಿಲ್ ಬೇಕು, ಓಡಿಸದೆ ನೋಡಿದರೆ ಮಟ್ಟ ಸುಳ್ಳೇ ಮೇಲೆ ಕಾಣುತ್ತದೆ. ಆಯಿಲ್ ಕೆಳಗಿಳಿಯಲು ಐದರಿಂದ ಹತ್ತು ನಿಮಿಷ ಬಿಡಿ. ಮಟ್ಟ ಕಣ್ಣಿಗೇ ಕಾಣುವಷ್ಟು ತೀರಾ ಮೇಲಿದ್ದರೆ ಮಾತ್ರ ಎಂಜಿನ್ ಓಡಿಸಲೇಬೇಡಿ, ನೇರ ತೆಗೆಯುವ ಕೆಲಸಕ್ಕೆ ಹೋಗಿ.

ಡಿಪ್‌ಸ್ಟಿಕ್ (ಮೇಲೊಂದು ಕೆಳಗೊಂದು ಗುರುತಿರುವ, ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಲು ಹಳೇ ಬನಿಯನ್ ಬಟ್ಟೆಯೇ ಸರಿ, ವೇಸ್ಟ್ ಕಾಟನ್ ನೂಲು ಬಿಡುತ್ತದೆ. ಸ್ಪ್ಲೆಂಡರ್, ಆಕ್ಟಿವಾದಂಥ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಅನ್ನು ಒಳಗಿಟ್ಟು ನೋಡಬೇಕು, ತಿರುಗಿಸಿ ಬಿಗಿ ಮಾಡಬಾರದು. ಬಿಗಿ ಮಾಡಿದರೆ ಕಡ್ಡಿ ಇನ್ನಷ್ಟು ಕೆಳಗೆ ಹೋಗಿ, ಇಲ್ಲದ ಆಯಿಲ್ ಇದ್ದಂತೆ ತೋರಿಸುತ್ತದೆ. ಬೇರೆ ಗಾಡಿಯ ಕ್ರಮ ಬೇರೆ ಇರಬಹುದು, ಜೊತೆಗೆ ಕೊಟ್ಟ ಪುಸ್ತಕ ತೆಗೆದು ನೋಡಿ. ಹೊಸ ಆಯಿಲ್ ತುಪ್ಪದಷ್ಟು ತಿಳಿಯಾಗಿರುತ್ತದೆ, ಕಡ್ಡಿಯ ಮೇಲೆ ಬೇಗ ಕಾಣುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎರಡು ಮುಖದಲ್ಲಿ ಬೇರೆ ಬೇರೆ ಗೆರೆ ಕಂಡರೆ ಕೆಳಗಿನದನ್ನು ನಂಬಿ, ಮೇಲಿನದು ಕೊಳವೆಯ ಗೋಡೆಗೆ ತಾಗಿ ಬಳಿದುಕೊಂಡದ್ದು.

ಕಾರಿನಲ್ಲಿ ಮೇಲಿನ ಗುರುತಿಗಿಂತ ಒಂದೆರಡು ಮಿಲಿಮೀಟರ್ ಜಾಸ್ತಿಯಿದ್ದರೆ ಸುಮ್ನೆ ಬಿಡಿ. ಅದಕ್ಕಿಂತ ಹೆಚ್ಚಾದರೆ ತೆಗೆಯಲೇಬೇಕು. ಅನೇಕ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಅಂತರ 20 ಮಿಲಿಮೀಟರ್ ಇದ್ದು, ಆಯಿಲ್ 5 ಮಿಲಿಮೀಟರ್ ಮೇಲಿದ್ದರೆ ಕಾಲು ಲೀಟರ್ ಹೆಚ್ಚಾಗಿದೆ ಅಂತ ಲೆಕ್ಕ. ಬೈಕಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, 50 ಮಿಲಿ ತೆಗೆದು ಮತ್ತೆ ನೋಡಿ.

ಇನ್ನು ತೆಗೆಯುವ ಕೆಲಸ. ಮೆಡಿಕಲ್ ಶಾಪಿನಲ್ಲಿ 50 ಮಿಲಿ ಸಿರಿಂಜ್ ಮತ್ತು ಒಂದು ಡ್ರಿಪ್ ಸೆಟ್ ತನ್ನಿ. ಡ್ರಿಪ್ಪಿನ ಪೈಪನ್ನು ಅಳತೆಯ ಕಡ್ಡಿಗಿಂತ ಉದ್ದವಿರುವಂತೆ ಕತ್ತರಿಸಿ, ಒಂದು ತುದಿಯನ್ನು ಸಿರಿಂಜಿಗೆ ಸಿಕ್ಕಿಸಿ. ಈಗ ಅದನ್ನು ಡಿಪ್‌ಸ್ಟಿಕ್ ಪಕ್ಕದಲ್ಲಿ ಮಲಗಿಸಿ. ಪೈಪಿನ ಇನ್ನೊಂದು ತುದಿ ಸರಿಯಾಗಿ ಮೇಲಿನ ಗುರುತಿಗೆ ಬರಲಿ. ಕಡ್ಡಿ ಎಂಜಿನ್ನಿನ ಬಾಯಿಗೆ ಕೂರುವ ಜಾಗದಲ್ಲಿ ಪೈಪಿಗೆ ದಪ್ಪಗೆ ಟೇಪ್ ಸುತ್ತಿ. ಈ ಟೇಪು ಬಾಯಿಗೆ ಬರುವಷ್ಟೇ ಪೈಪು ಇಳಿಸಿದರೆ, ಮಟ್ಟ ಗುರುತಿಗೆ ಬಂದ ಕೂಡಲೇ ಸಿರಿಂಜಿಗೆ ಗಾಳಿ ಬರಲು ಶುರುವಾಗುತ್ತದೆ. ಪೈಪು ಜಾರಿ ಒಳಗೆ ಬೀಳದಂತೆಯೂ ಟೇಪು ತಡೆಯುತ್ತದೆ. ಆಯಿಲ್ ಉಗುರುಬೆಚ್ಚಗಿದ್ದರೆ ಒಳ್ಳೆಯದು, ತಣ್ಣಗಾದರೆ ಎಳೆಯುವುದು ಕಷ್ಟ. ನಿಧಾನವಾಗಿ ಎಳೆಯಿರಿ. ಗಡಿಬಿಡಿ ಮಾಡಿದರೆ ಸಿರಿಂಜಿನ ಬುಡದಲ್ಲಿ ಗಾಳಿ ಸೇರಿ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಒಳಗೆ ಏನಾದರೂ ತಡೆದರೆ ಒತ್ತಬೇಡಿ, ಸ್ವಲ್ಪ ತಿರುಗಿಸಿ ಇಳಿಸಿ. ಬಾಯಿಂದ ಎಳೆಯುವ ಕೆಲಸ ಬೇಡ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕೈಪಂಪುಗಳೂ ಬೇಡ, ಜಾಯಿಂಟಿನಲ್ಲಿ ಗಾಳಿ ಎಳೆದು ಸತಾಯಿಸುತ್ತವೆ.

ಎಂಜಿನ್ನಿನ ತಳದಲ್ಲಿರುವ, ಆಯಿಲ್ ಇಳಿಸುವ ಡ್ರೇನ್ ಬೋಲ್ಟ್ ಸಡಿಲಿಸಿ ‘ಒಂಚೂರು’ ಬಿಡುತ್ತೇನೆ ಎನ್ನುವವರಿಗೆ ನನ್ನ ಮಾತು: ಒಂಚೂರು ಬರುವುದಿಲ್ಲ. ಕೊನೆಯ ಸುತ್ತಿನಲ್ಲಿ ಭಳ್ಳನೆ ನುಗ್ಗುತ್ತದೆ, ಬೋಲ್ಟು ಟ್ರೇಗೆ ಬಿದ್ದಿರುತ್ತದೆ, ಮೊಣಕೈತನಕ ಬಿಸಿ ಆಯಿಲ್. ಅಲ್ಯೂಮಿನಿಯಂ ಥ್ರೆಡ್ಡನ್ನು ಪದೇ ಪದೇ ಬಿಚ್ಚಿ ಬಿಗಿ ಮಾಡಿದರೆ ಸವೆದು ಹೋಗುತ್ತದೆ, ವಾಷರ್ ಹಳತಾದರೆ ಸೋರುತ್ತದೆ. ಬಿಚ್ಚಲೇಬೇಕೆಂದರೆ ತೊಳೆದು ಒಣಗಿಸಿದ ಟ್ರೇಗೆ ಪೂರ್ತಿ ಇಳಿಸಿ, ಹೊಸ ವಾಷರ್ ಹಾಕಿ, ಅಳೆದು ಮತ್ತೆ ಸುರಿಯಿರಿ.

ಆಯಿಲ್ ಸರಿಯಾದ ಮೇಲೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಕಾಗದದ ಫಿಲ್ಟರ್ ನೆಂದಿದ್ದರೆ ಬದಲಿಸಿ, ಒಣಗಿಸಿ ಹಾಕಬೇಡಿ.

ಇನ್ನೊಂದು ಮಾತು. ಹಾಕಿದಾಗ ಸರಿಯಿದ್ದ ಮಟ್ಟ ದಿನ ಕಳೆದಂತೆ ತಾನಾಗಿ ಏರಿದರೆ ಈ ಸಿರಿಂಜ್ ಉಪಾಯ ಸಲ್ಲದು. ಒಳಗೆ ಇಂಧನವೋ ಕೂಲಂಟೋ ಸೇರುತ್ತಿದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಗಳು ಬರೀ ಸಿಟಿಯೊಳಗೆ ಓಡಿದರೆ ಡೀಸೆಲ್ ಬೆರೆಯುವುದುಂಟು. ಪೂರ್ತಿ ಆಯಿಲ್ ಬದಲಿಸಿ, ಕಾರಣ ಹುಡುಕಿಸಿ.

ತೆಗೆದ ಹೊಸ ಆಯಿಲ್ ಚೊಕ್ಕವಾಗಿದ್ದರೆ ಅದರದೇ ಬಾಟಲಿಗೆ ಹಾಕಿಡಿ, ಮುಂದೆ ಕಡಿಮೆಯಾದಾಗ ಬರುತ್ತದೆ. ಕಪ್ಪು ಆಯಿಲನ್ನು ಮೋರಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ಮುಚ್ಚಿ, ಬಳಸಿದ ಆಯಿಲನ್ನು ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ.