ಹೊಲಿಗೆಯ ಒಳಮಗ್ಗುಲು

ನನ್ನ ಹೊಲಿಗೆ ಅಂಗಡಿಗೆ ಯಾವ ಬಟ್ಟೆ ಬಂದರೂ ಮೊದಲು ತಿರುವಿ ಒಳಮಗ್ಗುಲು ನೋಡುತ್ತೇನೆ. ಹೊಲಿಗೆಯ ಆಚೆ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ, ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ, ಅಂಚಿನ ಎಳೆ ಬಿಚ್ಚದಂತೆ ಸುತ್ತಿದ ಓವರ್‌ಲಾಕ್ ದಾರ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆಯೇ, ಇಷ್ಟು ಸಾಕು. ಅದು ರಿಪೇರಿಗೆ ಒಗ್ಗುವ ಬಟ್ಟೆಯೋ ಅಲ್ಲವೋ ಅಲ್ಲೇ ತಿಳಿಯುತ್ತದೆ.

ಈ ಕಣ್ಣು ಬಂದದ್ದು ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ. ಅಲ್ಲಿ ನಮಗೆ ಟೈಲರ್ ಎಂದು ಹೆಸರು, ಆದರೆ ಪೂರ್ತಿ ಒಂದು ಷರ್ಟ್ ಹೊಲಿಯಲು ಎಷ್ಟೋ ಜನಕ್ಕೆ ಬಾರದು ಎಂದರೆ ಹೊರಗಿನವರು ನಂಬುವುದಿಲ್ಲ. ಷರ್ಟ್ ಹತ್ತಾರು ಆಪರೇಷನ್‌ಗಳಾಗಿ ಒಡೆದು ಲೈನಿನಲ್ಲಿ ಸಾಗುತ್ತದೆ. ನನ್ನದು ಕಾಲರ್, ಪಕ್ಕದವಳದು ಕಫ್. ಒಂದೊಂದಕ್ಕೂ ಇಂತಿಷ್ಟು ಹೊತ್ತು ಎಂದು ಸೆಕೆಂಡ್ ಲೆಕ್ಕದಲ್ಲಿ ಮೊದಲೇ ಕಟ್ಟಿರುತ್ತಾರೆ, ಅದರ ಮೇಲೆ ಗಂಟೆಯ ಟಾರ್ಗೆಟ್. ಆರ್ಡರ್ ಕೊಡುವ ಕಂಪನಿ ದರ ಹಿಂಡಿದರೆ ಗುಂಡಿ, ಜಿಪ್, ದಾರದ ರೇಟು ಅಷ್ಟಾಗಿ ಇಳಿಯುವುದಿಲ್ಲ. ನಮ್ಮ ಸೆಕೆಂಡುಗಳು ಇಳಿಯುತ್ತವೆ. ಕುಡಿದರೆ ಬಾತ್‌ರೂಮಿಗೆ ಏಳಬೇಕಲ್ಲ ಎಂದು ನೀರಿನ ಬಾಟಲಿ ಮುಟ್ಟದೆ ಕೂರುವ ಹೆಂಗಸರ ಉರಿಮೂತ್ರವೂ 399 ರೂಪಾಯಿಯ ಟಾಪಿನ ಲೆಕ್ಕದಲ್ಲಿದೆ, ಬಿಲ್ಲಿನಲ್ಲಿ ಬರೆಯುವುದಿಲ್ಲ ಅಷ್ಟೆ.

2013ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಢಾಕಾ ಹತ್ತಿರ ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾಕೆ ಒಳಗೆ ಹೋದರು ಎಂದು ನಮ್ಮ ಲೈನಿನಲ್ಲಿ ಒಬ್ಬರೂ ಕೇಳಲಿಲ್ಲ.

ಅಂಗಡಿ ಹಾಕಿದ್ದು ಪಿಎಫ್ ದುಡ್ಡಿನಲ್ಲಿ. ಕೆಲಸ ಬಿಟ್ಟ ಹೆಂಗಸರಿಗೆ ಆ ದುಡ್ಡೆಂದರೆ ಸಾಲ ತೀರಿಸುವುದು, ಮಗಳ ಮದುವೆ, ಇಲ್ಲವೇ ಒಂದು ಮೆಷಿನ್. 2016ರಲ್ಲಿ ಪಿಎಫ್‌ಗೆ ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿದಾಗ ಬೊಮ್ಮನಹಳ್ಳಿಯಿಂದ ಪೀಣ್ಯದವರೆಗೆ ಸಾವಿರಾರು ಜನ ರಸ್ತೆಗಿಳಿದದ್ದು ಅದಕ್ಕೇ. ಎರಡನೇ ದಿನಕ್ಕೆ ನಿಯಮ ವಾಪಸಾಯಿತು. 58ರವರೆಗೆ ಆ ಲೈನಿನಲ್ಲಿ ಯಾರು ಕೂತಾರು?

ಸೆಕೆಂಡ್ ಹ್ಯಾಂಡ್ ಜುಕಿ ಮೆಷಿನ್, ಒಂದು ಓವರ್‌ಲಾಕ್, ಲಗ್ಗೆರೆಯಲ್ಲಿ ಪುಟ್ಟ ಮಳಿಗೆ. ಕಟಿಂಗ್ ಕಲಿತದ್ದು ಬಿಚ್ಚಿ. ಹಳೇ ಬ್ಲೌಸು, ಪ್ಯಾಂಟುಗಳ ಹೊಲಿಗೆ ಒಂದೊಂದಾಗಿ ಬಿಚ್ಚುವುದು, ತುಂಡುಗಳನ್ನು ಪೇಪರಿನ ಮೇಲೆ ಹರಡಿ ಗೆರೆ ಎಳೆಯುವುದು, ಮತ್ತೆ ಕೂಡಿಸುವುದು. ಹಿಂದಿನ ಟೈಲರ್‌ಗಳು ಬ್ಲೌಸಿನ ಎರಡೂ ಪಕ್ಕದಲ್ಲಿ ಇಂಚಿನಷ್ಟು ಬಟ್ಟೆ ಒಳಗೇ ಮಡಚಿ ಬಿಡುತ್ತಿದ್ದರು, ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಈಗಿನ ಟಾಪ್‌ಗಳಲ್ಲಿ ಓವರ್‌ಲಾಕಿನ ಅಗಲವೇ ಮಾರ್ಜಿನ್. ಬಿಗಿಯಾದರೆ ಬಿಡಿಸಲು ಏನೂ ಇರುವುದಿಲ್ಲ.

"ಅಕ್ಕ, ಟಾಪೇ ಮುನ್ನೂರು, ಜಿಪ್‌ಗೆ ನೂರು ಕೇಳ್ತೀರಲ್ಲ" ಎನ್ನುತ್ತಾರೆ ಕಾಲೇಜು ಹುಡುಗಿಯರು. ಮಾತು ಸರಿಯೇ. ಹಳೇ ಜಿಪ್ ಬಿಚ್ಚಿ ಹೊಸದು ಹಾಕಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಇಲ್ಲಿ ಬೆಲೆ ಕಟ್ಟುವವಳು ನಾನು. ದರ ಇಳಿಸುವುದಿಲ್ಲ. ಅದರ ಬದಲು, ಹೊಸ ಬಟ್ಟೆ ಹಾಕಿಕೊಳ್ಳುವ ಮೊದಲೇ ಒಮ್ಮೆ ತನ್ನಿ ಎನ್ನುತ್ತೇನೆ. ಪಕ್ಕೆಗೆ ಇನ್ನೊಂದು ಹೊಲಿಗೆ, ಕಂಕುಳಿನ ಒಳಗೆ ಸಣ್ಣ ತುಂಡು, ಗುಂಡಿಗಳಿಗೆ ಕೈಹೊಲಿಗೆ, ಎಲ್ಲ ಸೇರಿ 40 ರೂಪಾಯಿ. ಹರಿದ ಮೇಲಿನ ರಫೂಗಿಂತ ಈ ಕೆಲಸವೇ ಈಗ ಹೆಚ್ಚು ಬರುತ್ತಿದೆ. ಹಿಗ್ಗುವ ಲೈಕ್ರಾ ಎಳೆ ಸೇರಿದ ಜೆಗ್ಗಿಂಗ್ಸ್ ತೊಡೆಸಂದಿ ಸವೆದು ಬಂದರೆ ಮಾತ್ರ ವಾಪಸ್. ಸುತ್ತಲ ಬಟ್ಟೆಯೇ ಸತ್ತಿರುತ್ತದೆ, ಸೂಜಿ ಹಾಕಿದಲ್ಲೆಲ್ಲ ಹೊಸ ತೂತು.

ಉಳಿದ ತುಂಡುಗಳದು ಬೇರೆಯೇ ತಲೆನೋವು. ಕಾಟನ್ ಸೀರೆ, ಲುಂಗಿಯ ತುಂಡನ್ನು ಪಕ್ಕದ ಬೀದಿಯ ಬಾಗಲಕೋಟೆ ಕಡೆಯ ಅಜ್ಜಿ ಕೌದಿಗೆ ಒಯ್ಯುತ್ತಾರೆ. ಬನಿಯನ್ ಬಟ್ಟೆಯಾದರೆ ಗ್ಯಾರೇಜಿನವರು ಎಣ್ಣೆ ಒರೆಸಲು ಕೇಳಿ ಪಡೆಯುತ್ತಾರೆ. ಪಾಲಿಯೆಸ್ಟರ್ ಯಾರಿಗೂ ಬೇಡ. ಗ್ಯಾರೇಜಿನವರು ಒಯ್ಯುವುದಿಲ್ಲ, ಕೌದಿಗೆ ಹಾಕಿದರೆ ಜಾರುತ್ತದೆ, ಹೊದ್ದರೆ ಮೈ ಬೆವರುತ್ತದೆ. ಪೆಟ್ರೋಲಿಯಮ್ಮಿನಿಂದ ಬಂದದ್ದು, ಮಣ್ಣಿಗೆ ಹಾಕಿದರೂ ಕೊಳೆಯುವುದಿಲ್ಲ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆ ಉದುರಿಸಿ ಮೋರಿ ಸೇರಿಸುತ್ತದೆ. ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಹಾಗಂತ ಹತ್ತಿ ಪುಣ್ಯದ ಬಟ್ಟೆಯೇನಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕಗಳ ನೀರಿನಿಂದ ನೊಯ್ಯಲ್ ನದಿ ಕೆಟ್ಟು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನೇ ಮುಚ್ಚಿಸಬೇಕಾಯಿತು. ಆ ಬನಿಯನ್, ಟೀ ಷರ್ಟುಗಳನ್ನು ನಾವೂ ಹಾಕಿದ್ದೇವೆ.

ಪಾಲಿಯೆಸ್ಟರ್ ಚೂರುಗಳನ್ನು ದಿಂಬಿಗೆ ತುಂಬಿ ನೋಡಿದೆ. ಒಂದು ಬೀದಿಗೆ ಎಷ್ಟು ದಿಂಬು ಬೇಕು? ಈಗ ಪ್ಯಾಂಟಿನ ಉದ್ದ ಕತ್ತರಿಸಿದ ತುಂಡನ್ನೂ ಗಿರಾಕಿಗೇ ಕಟ್ಟಿ ಕೊಡುತ್ತೇನೆ. ಇದನ್ನೇನು ಮಾಡಲಿ ಎಂದು ಕೇಳುತ್ತಾರೆ. ಜೀನ್ಸಾದರೆ ಇಟ್ಟುಕೊಳ್ಳಿ, ಮೊಣಕಾಲು ಹರಿದಾಗ ಅದೇ ಬಣ್ಣದ ತೇಪೆ ಸಿಗುತ್ತದೆ ಎನ್ನುತ್ತೇನೆ. ಪಾಲಿಯೆಸ್ಟರಾದರೆ ನನ್ನ ಬಳಿಯೂ ಉತ್ತರವಿಲ್ಲ, ಕೆಲವರು ಗೊಣಗಿಕೊಂಡೇ ಒಯ್ಯುತ್ತಾರೆ.