ಬೇಳದ ಬಾಯಮ್ಮನ ಜಪಸರ, ನಾನು ತೂಕಕ್ಕೆ ಹಾಕಿದ ಏಳು ಪದಕ

ನಾನು ಬದಿಯಡ್ಕದ ಹತ್ರ ಸಣ್ಣ ಅಂಗಡಿ ಇಟ್ಕೊಂಡು ಬೆಳ್ಳಿ ಕೆಲಸ ಮಾಡುವವ, ಅಪ್ಪನದ್ದೂ ಇದೇ ಕೆಲಸ. ಕಾಲ್ಗೆಜ್ಜೆ, ನೇವಳ, ದೇವರ ಕಣ್ಣು ಎಲ್ಲ ದಿನಾ ಇದ್ದದ್ದೇ. ಬೇಳದ ಇಗರ್ಜಿ ನಮ್ಗೆ ಹತ್ರ ಆದ ಕಾರಣ ಅಕ್ಟೋಬರ್ ಬಂತು ಅಂದ್ರೆ ಕ್ರಿಶ್ಚಿಯನ್ನರ ಮನೆಗಳಿಂದ ತುಂಡಾದ ಜಪಸರ ಬರ್ಲಿಕ್ಕೆ ಶುರು, ಅದು ಅವ್ರಿಗೆ ತೇರ್ಸಿನ, ಅಂದ್ರೆ ಜಪಸರ ಹಿಡಿದು ಮಾಡುವ ಪ್ರಾರ್ಥನೆಯ ತಿಂಗಳು. ಕೊಂಡಿ ಬಿಟ್ಟದ್ದು, ಶಿಲುಬೆ ಬಿದ್ದದ್ದು, ಒಮ್ಮೊಮ್ಮೆ ಅಜ್ಜಿ ತೀರಿಕೊಂಡ ಮೇಲೆ ಸಿಕ್ಕಿದ ಒಂದು ಡಬ್ಬಿ ತುಂಬ ಬಿಡಿ ಸಾಮಾನು. "ಇದ್ರಲ್ಲಿ ಬೆಳ್ಳಿ ಎಷ್ಟುಂಟು ನೋಡಿ ಆಚಾರ್ರೇ" ಅಂತ ಕೇಳ್ತಾರೆ. ಶುರುವಿಗೆ ನಾನು ಸೀದಾ ತೂಕದ ಮೆಷಿನಿಗೆ ಹಾಕಿ ರೇಟು ಹೇಳ್ತಿದ್ದೆ. ಅದೇ ತಪ್ಪಾದದ್ದು.

ಈಗ ಮೊದಲು ಲೆನ್ಸ್ ಹಿಡಿದು ಮುದ್ರೆ ಹುಡುಕ್ತೇನೆ, ಹತ್ತು ಪಟ್ಟಿನದ್ದು ಬೇಕೇ ಬೇಕು. ಎಲ್ಲರೂ ಶಿಲುಬೆಯ ಹಿಂದೆ ನೋಡ್ತಾರೆ, ಫ್ರಾನ್ಸಿನ ಮಾಲಿನಲ್ಲಿ ಸುಮಾರು ಸಲ ಮುದ್ರೆ ಇರುವುದು ಮೇಲಿನ ಬಳೆಯಲ್ಲಿ, ಸಾಸಿವೆಗಿಂತ ಸಣ್ಣ, ಹಂದಿ ತಲೆ ಅಥವಾ ಏಡಿ. ಎರಡೂ 1838ರಿಂದ ಬಂದದ್ದು, ಹಂದಿ ತಲೆ ಪ್ಯಾರಿಸಿನದ್ದು, ಏಡಿ ಹೊರಗಿನ ಊರುಗಳದ್ದು, ಎರಡಕ್ಕೂ ಅರ್ಥ ಕಡಿಮೆ ಅಂದ್ರೂ ಸಾವಿರಕ್ಕೆ 800 ಬೆಳ್ಳಿ ಅಂತ. ಮೊದ್ಲನೇ ಸಲ ಕಂಡಾಗ ನಾನು ಅದನ್ನು ಗೀರು ಅಂತ ಉಜ್ಜಿ ತೆಗೀಲಿಕ್ಕೆ ಹೊರಟಿದ್ದೆ ಮಾರಾಯ್ರೆ! ಪೋರ್ಚುಗಲ್‌ನವ್ರದ್ದೂ ಹಂದಿ ತಲೆಯೇ, 1887ರಿಂದ 1937ರವರೆಗೆ, ಆದ್ರೆ ಅವ್ರ ಬೆಳ್ಳಿ 916 ಅಥವಾ 833, ಹಾಗಾಗಿ ಹಂದಿ ಕಂಡ ಕೂಡ್ಲೇ ಪ್ಯಾರಿಸ್ ಅಂತ ಹಾರ್ಲಿಕ್ಕೆ ಇಲ್ಲ. ಅಮೆರಿಕದಿಂದ ಬಂದದ್ರಲ್ಲಿ ಸ್ಟರ್ಲಿಂಗ್ ಅಂತಲೇ ಬರೆದಿರ್ತದೆ, ಅಂದ್ರೆ 925, ಜೊತೆಗೆ ಕ್ರೀಡ್, ಚಾಪೆಲ್ ಅಂತ ಕಂಪೆನಿ ಹೆಸರೂ ಇರ್ಬಹುದು. ಬರೀ ಇಟಲಿ ಅಂತ ಮಾತ್ರ ಇದ್ರೆ ಅದು ಊರಿನ ಹೆಸರು ಅಷ್ಟೇ, ಬೆಳ್ಳಿಯ ಗ್ಯಾರಂಟಿ ಅಲ್ಲ, ಅಂಥ ಎಷ್ಟೋ ಪದಕ ಅಲ್ಯುಮಿನಿಯಂ, ಕೈಯಲ್ಲಿ ಹಿಡಿದ್ರೆ ಹತ್ತಿಯ ಹಾಗೆ.

ಮುದ್ರೆ ಇಲ್ಲದಿದ್ರೆ ಬೆಳ್ಳಿ ಅಲ್ಲ ಅಂತಲೂ ಅಲ್ಲ. ನಮ್ಮಲ್ಲಿ ಹಿಂದೆ ಯಾರು ಮುದ್ರೆ ಒತ್ತುತ್ತಿದ್ರು? ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ರಾಣಿ ರುಪಾಯಿ ಕರಗಿಸಿ ಅದ್ರಲ್ಲೇ ಶಿಲುಬೆ ಮಾಡಿಸ್ತಿದ್ರು ಅಂತ ಅಪ್ಪ ಹೇಳ್ತಿದ್ರು, ಆ ರುಪಾಯಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದ್ರೆ ಸ್ಟರ್ಲಿಂಗಿಗೆ ಸ್ವಲ್ಪವೇ ಕಡಿಮೆ. ಇಂಥದಕ್ಕೆ ಒರೆಗಲ್ಲು, ಆಸಿಡ್ ಎಲ್ಲ ಉಂಟು, ಆದ್ರೆ ಹಳೇ ಸಾಮಾನಿನ ಮೇಲೆ ಉಜ್ಜುವುದು ನನಗೆ ಆಗುವುದಿಲ್ಲ, ಹಾಗಾಗಿ ನೀರಿನ ಲೆಕ್ಕ ಮಾಡ್ತೇನೆ. ಒಂದು ಶಿಲುಬೆ 6.30 ಗ್ರಾಂ ಇತ್ತು ಅಂತ ಇಟ್ಕೊಳ್ಳಿ. ಮೆಷಿನಿನ ಮೇಲೆ ಅರ್ಧ ಗ್ಲಾಸು ನೀರು ಇಟ್ಟು ಸೊನ್ನೆ ಮಾಡಿ, ಶಿಲುಬೆಯನ್ನು ನೂಲಿನಲ್ಲಿ ಕಟ್ಟಿ ತಳಕ್ಕೆ, ಬದಿಗೆ ತಾಗದ ಹಾಗೆ ನೀರಲ್ಲಿ ಮುಳುಗಿಸಿ ಹಿಡಿದ್ರೆ ಮೆಷಿನ್ 0.61 ತೋರಿಸ್ತು. 6.30ನ್ನು 0.61ರಿಂದ ಭಾಗಿಸಿ, 10.3 ಬರ್ತದೆ, ಅಂದ್ರೆ ನೀರಿಗಿಂತ ಅಷ್ಟು ಪಟ್ಟು ಭಾರ, ಒಳ್ಳೇ ಬೆಳ್ಳಿ. ಶುದ್ಧ ಬೆಳ್ಳಿಗೆ 10.49. ಜರ್ಮನ್ ಸಿಲ್ವರ್ ಆದ್ರೆ 8.7ರ ಆಸುಪಾಸು, ಹೆಸರಿಗೆ ಮಾತ್ರ ಸಿಲ್ವರ್, ಒಳಗೆ ತಾಮ್ರ, ನಿಕ್ಕಲ್, ಸತು. ಒಳಗೆ ಟೊಳ್ಳಿದ್ರೆ, ಮರ ಕೂರಿಸಿದ್ರೆ ಈ ಲೆಕ್ಕ ನಂಬ್ಲಿಕ್ಕಿಲ್ಲ, ಗಾಳಿಗುಳ್ಳೆ ಅಂಟಿದ್ರೂ ತಪ್ಪು ಬರ್ತದೆ.

ಇಸವಿಯ ಕಥೆ ಇನ್ನೊಂದು. ಏಸುವಿನ ತಾಯಿ ಮರಿಯ ಮಾತೆಯ ಕೈಯಿಂದ ಕಿರಣ ಬರುವ ಮೊಟ್ಟೆ ಆಕಾರದ ಪದಕದಲ್ಲಿ 1830 ಅಂತ ಇರ್ತದೆ, ತಂದವ್ರು ಇನ್ನೂರು ವರ್ಷದ್ದು ಅಂತ ಕಣ್ಣರಳಿಸ್ತಾರೆ. ಅದು ಪ್ಯಾರಿಸಿನಲ್ಲಿ ಮಾತೆ ದರ್ಶನ ಕೊಟ್ಟ ವರ್ಷ, ಪದಕ ಒತ್ತಲಿಕ್ಕೆ ಶುರುವಾದದ್ದೇ 1832ರಲ್ಲಿ, ಇವತ್ತು ಒತ್ತಿದ್ರೂ 1830 ಅಂತಲೇ ಹಾಕ್ತಾರೆ. ಉಪಯೋಗ ಆಗುವುದು ಬೇರೆ ಗುರುತು: ಮಾತೆ ಆಮೇಲೆ ದರ್ಶನ ಕೊಟ್ಟ ಊರುಗಳಲ್ಲಿ ಲೂರ್ದಿನ ಚಿತ್ರ ಇದ್ರೆ 1858ರ ನಂತರದ್ದು, ಫಾತಿಮಾದ್ದು ಇದ್ರೆ 1917ರ ನಂತರದ್ದು. ಲಿಸಿಯೂನ ತೆರೇಸಮ್ಮನನ್ನು ಸಂತ ಅನ್ನದೆ ಪುನೀತೆ, ಅಂದ್ರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ, ಅಂತ ಮಾತ್ರ ಬರೆದಿದ್ರೆ 1923 ಮತ್ತು 1925ರ ಮಧ್ಯದ್ದು, ಯಾಕಂದ್ರೆ 1923ರಲ್ಲಿ ಪುನೀತೆ ಅಂತಾಯ್ತು, 1925ರಲ್ಲಿ ಸಂತ ಪದವಿ ಸಿಕ್ಕಿತು. ಇಂಥದ್ದು ಸಿಕ್ಕಿದ್ರೆ ತೂಕ ಮರೆತು ಬಿಡಿ.

ಈಗ ನನ್ನ ಮಂಡೆಬಿಸಿಯ ವಿಷಯ. ಕೆಲವು ವರ್ಷದ ಹಿಂದೆ ಬೇಳದ ಕಡೆಯ ಒಬ್ಬ ಹುಡುಗ ಬಿಸ್ಕತ್ತಿನ ಡಬ್ಬಿ ತಂದ, ಅದ್ರಲ್ಲಿ 52 ಕಪ್ಪು ಮಣಿ, ಒಂದು ಶಿಲುಬೆ, ಕತ್ತಿ ಚುಚ್ಚಿದ ಹೃದಯದ ನಡುಪದಕ, ಮತ್ತೆ ಏಳು ಸಣ್ಣ ಬೆಳ್ಳಿ ಪದಕ. ಜಪಸರಕ್ಕೆ 53 ಮತ್ತು 6, ಒಟ್ಟು 59 ಮಣಿ ಅಂತ ನನಗೆ ಬಾಯಿಪಾಠ. ಏಳು ಕಡಿಮೆ ಉಂಟು ಅಂತ ಮಂಗಳೂರಿನಿಂದ ಏಳು ಗಾಜಿನ ಮಣಿ ತಂದು ಹತ್ತತ್ತರ ಐದು ಸಾಲು ಚಂದ ಮಾಡಿ ಕೊಟ್ಟೆ. ಪದಕಗಳು ಯಾರೋ ಹರಕೆಗೆ ನೇತಾಡಿಸಿದ್ದು ಇರ್ಬೇಕು ಅಂತ ಗ್ರಹಿಸಿ, ಏಳೂ ಸೇರಿ ಎಂಟು ಗ್ರಾಂ ಚಿಲ್ಲರೆ, ಹುಡುಗನ ಮಜೂರಿಗೆ ವಜಾ ಹಾಕ್ಕೊಂಡೆ, ಅವನಿಗೂ ಖುಷಿ.

ಮೂರ್ನಾಲ್ಕು ದಿನಕ್ಕೆ ಅವನ ಅಜ್ಜಿ ಬಂದ್ರು. ನಾನು ಕುರ್ಚಿ ಕೊಟ್ಟು "ಎಂತ ಬಾಯಮ್ಮ, ಸರಿ ಆಗ್ಲಿಲ್ವಾ" ಅಂದೆ. ಅವ್ರು ಜಪಸರ ಮೇಜಿನ ಮೇಲೆ ಇಟ್ಟು "ಆಚಾರ್ರೇ, ಇದು ತೇರ್ಸಿನದ್ದಲ್ಲ, ಮರಿಯ ಮಾತೆಯ ಏಳು ದುಃಖದ್ದು" ಅಂದ್ರು. ಏಳೇಳು ಮಣಿಯ ಏಳು ಸಾಲು, ಪ್ರತಿ ಸಾಲಿಗೆ ಒಂದು ಪದಕ, ಬಾಲಕ್ಕೆ ಮೂರು ಮಣಿ. ಕೂಡಿಸಿ ನೋಡಿ, 49, 7, 3, ಅದೂ 59! ಲೆಕ್ಕ ಸರಿ ಬಂದದ್ದೇ ನನ್ನನ್ನು ಹಾಳು ಮಾಡಿತು. ಮಾತೆಗೆ ದುಃಖ ಬರ್ತದೆ ಅಂದ ಸಿಮೆಯೋನನ ಮಾತು, ಹೆರೋದ ರಾಜನಿಗೆ ಹೆದರಿ ಈಜಿಪ್ಟಿಗೆ ಓಡಿದ್ದು, ಮಗ ದೇವಾಲಯದಲ್ಲಿ ಕಾಣೆಯಾದದ್ದು, ಹೀಗೆ ಸಮಾಧಿಯವರೆಗೆ ಒಂದೊಂದು ಪದಕದಲ್ಲಿ ಒಂದೊಂದು ದುಃಖ. ಬೇಳದ್ದು ಶೋಕಮಾತೆಯ ಇಗರ್ಜಿ, ಅದರ ಬುಡದಲ್ಲೇ ಅಂಗಡಿ ಇಟ್ಕೊಂಡವನಿಗೆ ಅದು ಹೊಳೀಲಿಲ್ಲ.

ಕರಗಿಸ್ಲಿಕ್ಕೆ ಕೊಡುವ ಹಳೇ ಬೆಳ್ಳಿಯ ಪೊಟ್ಟಣ ಆಗ್ಲೇ ವ್ಯಾಪಾರಿಯ ಹತ್ರ ಹೋಗಿತ್ತು. ಬೈಕು ಹತ್ತಿ ಓಡಿದೆ, ಗುಡ್ಡೆ ಹಾಕಿದ ಕಾಲ್ಗೆಜ್ಜೆ ಚೂರುಗಳ ಎಡೆಯಲ್ಲಿ ಎರಡು ಗಂಟೆ ಹುಡುಕಿ ಆರು ಸಿಕ್ಕಿತು. ಈಜಿಪ್ಟಿನದ್ದು ಸಿಗ್ಲೇ ಇಲ್ಲ. ಸಿಕ್ಕಿದ್ರ ಬಳೆಯಲ್ಲಿ ಆಗ ಲೆನ್ಸ್ ಹಾಕಿ ನೋಡಿದೆ, ಒಂದೊಂದ್ರಲ್ಲೂ ಏಡಿ. ಇಡೀ ಸೆಟ್ ಫ್ರಾನ್ಸಿನದ್ದು, ಒಂದೇ ಕೈಯ ಕೆಲಸ, ಏಳೂ ಇದ್ದಿದ್ರೆ ಅದರ ಬೆಲೆ ಗ್ರಾಮಿನಲ್ಲಿ ಹೇಳುವಂಥದ್ದೇ ಅಲ್ಲ, ಈಗ ಆರು ಬಿಡಿ ಪದಕ ಅಂತ ಹೇಳ್ಬೇಕು.

ಏಳೇಳರ ಸಾಲು ಪುನಃ ಕಟ್ಟಿ, ಎರಡನೇ ಪದಕದ ಜಾಗಕ್ಕೆ ಸಾದಾ ಬೆಳ್ಳಿ ಬಿಲ್ಲೆ ಹಾಕಿ, ಹುಣಸೆಹುಳಿ, ಭಸ್ಮ ಎಂತದೂ ತಾಗಿಸದೆ ಕಪ್ಪು ಇದ್ದ ಹಾಗೆಯೇ ಮನೆಗೆ ಹೋಗಿ ಕೊಟ್ಟೆ, ದುಡ್ಡು ತೆಗೊಳ್ಳಲಿಲ್ಲ. ಬಾಯಮ್ಮ ಬೆರಳಲ್ಲೇ ಎಣಿಸುತ್ತಾ ಬಂದು ಬಿಲ್ಲೆಯ ಹತ್ರ ನಿಲ್ಲಿಸಿ ನಕ್ಕರು. "ಈಜಿಪ್ಟಿಗೆ ಓಡಿದವ್ರಲ್ವಾ, ಹೆರೋದ ಸತ್ತ ಮೇಲೆ ಬರ್ತಾರೆ ಬಿಡಿ" ಅಂದ್ರು. ಆ ಏಳು ಗಾಜಿನ ಮಣಿ ನನ್ನ ಡ್ರಾಯರಿನಲ್ಲಿ ಬೆಂಕಿಪೆಟ್ಟಿಗೆಯೊಳಗೆ ಈಗಲೂ ಉಂಟು.